ಐದು ಪಾಯಿಂಟ್ ಎಂಟರ ನೀರು

ಮೆಣಸಿನ ಗಿಡದ ಎಲೆ ಹಳದಿಯಾದರೆ ಸೊಸೆಯ ತಾಯ್ತನವನ್ನೇ ಅನುಮಾನಿಸುವ ಅತ್ತೆಯನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಕಾಣುತ್ತೇನೆ.

ನಾನು ವಾನಿ, ಪುಟ್ಟ ಉಮೈರನ ತಾಯಿ. ಕ್ವಾಲಾಲಂಪುರದಲ್ಲಿ ಓದಿದವಳು. (ಇದನ್ನು ನನ್ನತ್ತೆ ಯಾವುದೋ ಕಾಯಿಲೆಯ ಹೆಸರು ಹೇಳುವ ಧಾಟಿಯಲ್ಲಿ ಹೇಳುತ್ತಾರೆ.) ಸೆರಂಬಾನಿನ ನಮ್ಮ ಸಾಲುಮನೆಯ ಮುಂದೆ ಕಾರು ನಿಲ್ಲಬೇಕಾದ ಜಾಗದಲ್ಲಿ ಮೂವತ್ತನಾಲ್ಕು ಚೀಲ ಜೀರಿಗೆ ಮೆಣಸಿನ ಗಿಡ ನಿಂತಿವೆ. ಕಾರು ಬೀದಿಯಲ್ಲಿ ನಿಂತು ಬಿಸಿಲಿಗೆ ಬೇಯುತ್ತದೆ. ಚೀಲದೊಳಗೆ ಮಣ್ಣಿಲ್ಲ, ಬರೀ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಎರಡು ದಿನದ ತರಬೇತಿ ಪಡೆದು, ಪ್ರಮಾಣಪತ್ರಕ್ಕೆ ಪ್ಲಾಸ್ಟಿಕ್ ಹೊದಿಸಿಟ್ಟುಕೊಂಡೇ ನಾನು ಕೃಷಿಗೆ ಇಳಿದವಳು.

ಅಲ್ಲಿ ಹೇಳಿಕೊಟ್ಟ ಮೊದಲ ಪಾಠವೇ ನನ್ನ ನಿದ್ದೆ ಕೆಡಿಸಿತ್ತು. ಮಣ್ಣಾದರೆ ನಮ್ಮ ತಪ್ಪನ್ನು ಒಂದಿಷ್ಟು ಹೊಟ್ಟೆಗೆ ಹಾಕಿಕೊಳ್ಳುತ್ತದಂತೆ. ಕೋಕೋಪೀಟಿಗೆ ಆ ಔದಾರ್ಯವಿಲ್ಲ. ಎಂಥ ನೀರು ಕೊಟ್ಟೆವೋ ಅಂಥದ್ದೇ ಬೇರಿಗೆ. ನೀರಿನ ಪಿಎಚ್ ಐದು ಪಾಯಿಂಟ್ ಎಂಟರ ಆಸುಪಾಸಿನಲ್ಲಿರಬೇಕು, ಅಂದರೆ ತುಸು ಹುಳಿ. ಏಳು ದಾಟಿ ಕ್ಷಾರವಾಯಿತೋ, ಗೊಬ್ಬರ ಎಷ್ಟು ಸುರಿದರೂ ಗಿಡಕ್ಕೆ ಕಬ್ಬಿಣದಂಶ ದಕ್ಕದೆ ಚಿಗುರು ಹಳದಿಯಾಗುತ್ತದೆ.

ಆದ್ದರಿಂದ ನೀರಿನ ಸ್ವಯಂವರ ನಡೆಸಿದೆ. ನಲ್ಲಿ ನೀರಿನಲ್ಲಿ ಈಜುಕೊಳದ ವಾಸನೆ. ಮಳೆನೀರು ಪಕ್ಕದ ಮನೆಯ ಸೂರಿನಿಂದ ಇಳಿಯುತ್ತದೆ, ಆ ಸೂರಿನ ಮೇಲೆ ಮೈನಾಗಳು ಏನೇನು ಮಾಡುತ್ತವೆಂದು ನಾನು ಕಣ್ಣಾರೆ ಕಂಡಿದ್ದೇನೆ. ಉಳಿದದ್ದು ಉಮೈರನ ಹಾಲಿಗೂ ಸ್ನಾನಕ್ಕೂ ಎಂದೇ ಕೊಂಡ ಶುದ್ಧೀಕರಣ ಯಂತ್ರದ ನೀರು, ಮನೆಯ ಸರ್ವಶ್ರೇಷ್ಠ ನೀರು. ಅದರ ಪಿಎಚ್ ಒಂಬತ್ತು. ಒಂಬತ್ತಾದರೆ ಆರೋಗ್ಯಕ್ಕೆ ಒಳ್ಳೆಯದೆಂದು ಮಾರಿದವರು ಹೇಳಿದ್ದರು.

"ನಾನು ನಲ್ಲಿ ನೀರು ಕುಡೀತೀನಿ. ಮೆಣಸಿನ ಗಿಡ ಯಂತ್ರದ ನೀರು ಕುಡಿಯುತ್ತೆ" ಎಂದರು ನನ್ನ ಗಂಡ ಹಜ್ರುಲ್.

"ನೀವು ಕಾಯಿ ಬಿಡ್ತೀರಾ, ಬಾಂಗ್?" ಎಂದೆ. (ಗಂಡ ಬಾಂಗ್, ಅತ್ತೆ ಮಾಕ್, ನಮ್ಮಲ್ಲಿ ಕರೆಯುವುದು ಹಾಗೆ.)

ಒಂಬತ್ತನ್ನು ಐದು ಪಾಯಿಂಟ್ ಎಂಟಕ್ಕೆ ಇಳಿಸಲು ಅಂಗಡಿಯಲ್ಲಿ ಆಮ್ಲ ಸಿಗುತ್ತದೆ. ಸೀಸೆಯ ಮೇಲೆ ತಲೆಬುರುಡೆಯ ಚಿತ್ರ. ಅಂಬೆಗಾಲಿಡುವ ಮಗುವಿರುವ ಮನೆಗೆ ಬುರುಡೆ ತರುವ ತಾಯಿ ನಾನಲ್ಲ. ನಿಂಬೆಹಣ್ಣು ಹಿಂಡಿದೆ. ಪ್ರತಿ ಶನಿವಾರ ದೊಡ್ಡ ಪೀಪಾಯಿಯಲ್ಲಿ ವಾರದ ನೀರು ತುಂಬಿ, ಗೊಬ್ಬರ ಬೆರೆಸಿ, ನಿಂಬೆ ಹಿಂಡಿ, ಪಿಎಚ್ ಕಡ್ಡಿ ಅದ್ದಿ, ಐದು ಪಾಯಿಂಟ್ ಎಂಟು ಬಂದ ಮೇಲೇ ಕೈ ತೊಳೆದುಕೊಳ್ಳುವುದು. ಆ ಕಡ್ಡಿಯ ತುದಿ ಗಾಜಿನದು. ಆದ್ದರಿಂದ ಅಳೆದ ಕೂಡಲೇ ಅದು ಬೀರುವಿನ ಮೇಲಿನ ಅರೆಗೆ, ಬೀಗದೊಳಕ್ಕೆ.

ಇಂಥ ಸುವ್ಯವಸ್ಥಿತ ರಾಜ್ಯಕ್ಕೆ ಕ್ವಾಲಾ ಪಿಲಾದಿಂದ ಅತ್ತೆ ಬಂದಿಳಿದರು, "ಮಗೂನ ನೋಡಿ ಹೋಗೋಣ ಅಂತ". ಬಂದ ದಿನವೇ ನಾನು ಮಗುವಿನ ಸ್ನಾನದ ನೀರಿಗೆ ಥರ್ಮಾಮೀಟರ್ ಇಟ್ಟದ್ದು ಕಂಡು, "ನೀರಿಗೂ ಜ್ವರವೇನೆ?" ಎಂದರು. ಆಮೇಲೆ ಮೊಣಕೈ ಅದ್ದಿ "ಸರಿಯಾಗಿದೆ" ಎಂದು ತೀರ್ಪು ಕೊಟ್ಟರು. ಮೊಣಕೈಯಂತೆ. ಅದರಲ್ಲಿ ಅಂಕಿ ಎಲ್ಲಿ ಬರೆದಿದೆಯೋ ನನಗಂತೂ ಕಾಣಲಿಲ್ಲ.

ಉಮೈರನಿಗೆ ಹನ್ನೊಂದು ತಿಂಗಳಾಗಿ, ಕಚೇರಿಗೆ ಹಾಕಿದ್ದ ನನ್ನ ರಜೆ ಮುಗಿಯುತ್ತಿತ್ತು. ಉಮೈರನನ್ನು ಕೋಣೆಗೊಂದು ಕ್ಯಾಮೆರಾ ಇರುವ ಶಿಶುವಿಹಾರಕ್ಕೆ ಬಿಡುವುದೆಂದು ನಾನು ನಿರ್ಧರಿಸಿದ್ದೆ. ಅತ್ತೆ ಅವನನ್ನು ಪಿಲಾಕ್ಕೆ ಒಯ್ಯುವುದೆಂದು ನಿರ್ಧರಿಸಿದ್ದರು.

"ಶನಿವಾರ ಬಂದು ನೋಡ್ಕೊಂಡು ಹೋಗು. ಹಳ್ಳಿ ಗಾಳಿ ಮಗೂಗೆ ಒಳ್ಳೇದು."

"ಮಾಕ್, ಅವನು ನನ್ನ ಮಗ. ವಾರಕ್ಕೊಂದು ಸಲ ನೋಡೋಕೆ ಅವನೇನು ಸಿನಿಮಾನಾ?"

"ಗಿಡವನ್ನೇ ಹೀಗೆ ಅಳತೆಕಡ್ಡಿ ಇಟ್ಕೊಂಡು ಸಾಕೋಳು ಮಗೂನ ಹೇಗೆ ಸಾಕ್ತೀಯ, ನೋಡೇ ಬಿಡೋಣ. ಇವನಿಗೆ ವರ್ಷ ತುಂಬೋ ದಿನ ಕೆಂದೂರಿ ಊಟ ಇದೆಯಲ್ಲ, ತೆಂಗಿನಹಾಲಿನ ಕೋಳಿಗೆ ನಿನ್ನ ಗಿಡದ್ದೇ ಮೆಣಸು ಹಾಕು. ಸಾಲುವಷ್ಟು ಕಾಯಿ ಬಿಟ್ರೆ ಕ್ಯಾಮೆರಾ ಇಸ್ಕೂಲು. ಇಲ್ದಿದ್ರೆ ಪಿಲಾ."

"ಆಗಲಿ" ಎಂದೆ. ಪ್ರಮಾಣಪತ್ರ ಇದ್ದವಳು ಇನ್ನೇನು ಹೇಳಲಿ?

ಮೂರನೆಯ ವಾರಕ್ಕೆ ಚಿಗುರು ಹಳದಿಯಾಯಿತು. ನರ ಮಾತ್ರ ಹಸಿರು, ಉಳಿದದ್ದೆಲ್ಲ ಅರಿಶಿನ. ಇನ್ನೂ ಶುದ್ಧವಾಗಿರಲೆಂದು ಯಂತ್ರದ ಜರಡಿ ಬದಲಿಸಿದೆ, ಗೊಬ್ಬರ ಹೆಚ್ಚಿಸಿದೆ. ಗಿಡಗಳು ಇನ್ನಷ್ಟು ಹಳದಿಯಾದವು. ಆದರೆ ಮುಂದೆ ಜಾಗವಿಲ್ಲದೆ ಹಿತ್ತಲ ಬಾಗಿಲ ಬಳಿ ಇಟ್ಟಿದ್ದ ಇನ್ನಾರು ಚೀಲ ಮಾತ್ರ ಕಪ್ಪುಹಸಿರಾಗಿ, ಮೈತುಂಬ ಕಾಯಿ ಹೊತ್ತು, ನನ್ನನ್ನು ಅಣಕಿಸುತ್ತ ನಿಂತಿದ್ದವು.

ಏನೋ ಮೋಸವಿದೆ ಅನ್ನಿಸಿತು. ಕೆಂದೂರಿಯ ಬೆಳಿಗ್ಗೆ, ಅಂಗಳದಲ್ಲಿ ನೆರೆಹೊರೆಯ ಹೆಂಗಸರು ಈರುಳ್ಳಿ ಸುಲಿಯುತ್ತಿದ್ದಾಗ, ನಾನು ಹಿತ್ತಲಿಗೆ ಇಣುಕಿದೆ. ಅತ್ತೆ ಒಂದು ಚೊಂಬಿನಿಂದ ಚಹಾದ ಬಣ್ಣದ ನೀರನ್ನು ಆ ಆರು ಚೀಲಗಳಿಗೆ ಹನಿಸುತ್ತಿದ್ದರು.

ಆ ನೀರಿನ ಗುರುತು ನನಗಿತ್ತು. ನನ್ನ ಗಂಡ ಇಪ್ಪತ್ತೊಂದು ಜಗಳಗಂಟ ಮೀನುಗಳನ್ನು ಇಪ್ಪತ್ತೊಂದು ಬಾಟಲಿಗಳಲ್ಲಿ ಸಾಕಿದ್ದಾರೆ. (ಒಟ್ಟಿಗೆ ಬಿಟ್ಟರೆ ಒಂದನ್ನೊಂದು ಹರಿದು ಹಾಕುತ್ತವೆ. "ಒಂದೇ ಅಡುಗೆಮನೇಲಿ ನೀನೂ ಮಾಕೂ ಇದ್ದ ಹಾಗೆ" ಎನ್ನುವುದು ಅವರ ವಿವರಣೆ.) ಅವುಗಳ ನೀರಿಗೆ ಒಣಗಿದ ಕಾಡುಬಾದಾಮಿ ಎಲೆ ಹಾಕುತ್ತಾರೆ. ಆ ಕೊಳಕು ನೀರನ್ನು ಮಗುವಿನ ಹತ್ತಿರವೂ ಸುಳಿಸದೆ ನೇರ ಚರಂಡಿಗೆ ಚೆಲ್ಲಬೇಕೆಂದು ನನ್ನ ಕಟ್ಟಪ್ಪಣೆಯಿತ್ತು.

"ಮಾಕ್, ನನ್ನ ಗಿಡಕ್ಕೆ ಮೀನಿನ ಕೊಳೆ ಹಾಕ್ತಿದ್ದೀರಾ?"

"ಚೆಲ್ಲೋ ನೀರು ತಾನೆ? ನಿನ್ನ ಗೊಬ್ಬರಾನೂ ಎರಡು ಮುಚ್ಚಳ ಬೆರೆಸಿದೀನಿ ಕಣೆ."

"ಇದೇ ಬೇರಿಂದ ಬೇರಿಗೆ ಹರಡಿ ಎಲ್ಲವನ್ನೂ ಹಾಳು ಮಾಡಿರೋದು." (ಚೀಲದಿಂದ ಚೀಲಕ್ಕೆ ಬೇರು ಹೇಗೆ ಹೋಗುತ್ತದೆಂದು ದಯವಿಟ್ಟು ಕೇಳಬೇಡಿ. ಸಿಟ್ಟಿನಲ್ಲಿದ್ದೆ.) "ಎಲ್ಲರೂ ಬನ್ನಿ. ವೈಜ್ಞಾನಿಕವಾಗಿ ತೋರಿಸ್ತೀನಿ."

ಬೀಗ ತೆಗೆದು ಕಡ್ಡಿ ತಂದೆ. ಈರುಳ್ಳಿಯ ಕಣ್ಣೀರು ಒರೆಸುತ್ತ ಹೆಂಗಸರು ಸುತ್ತ ನೆರೆದರು. ಅತ್ತೆಯ ಚೊಂಬಿಗೆ ಕಡ್ಡಿ ಅದ್ದಿ, ಎಲ್ಲರಿಗೂ ಕೇಳುವಂತೆ ಅಂಕಿ ಓದಿದೆ:

"ಐದು ಪಾಯಿಂಟ್ ಎಂಟು."

ಓದಿ ಮುಗಿಸಿದ ಮೇಲೆ ಕಿವಿಗೆ ಕೇಳಿಸಿತು.

"ಅದು ಒಳ್ಳೇದಾ, ಕೆಟ್ಟದ್ದಾ?" ಅತ್ತೆ ವಿನಯದಿಂದ ಕೇಳಿದರು.

ನಾನು ಕಡ್ಡಿಯನ್ನು ಬಟ್ಟೆಯಿಂದ ಒರೆಸತೊಡಗಿದೆ. "ಪೀಪಾಯಿದೂ ನೋಡೋಣ ಕೊಡು" ಎಂದು ಗಂಡ ಕಡ್ಡಿ ಕಸಿದುಕೊಂಡು ಹೋದರು. "ಎಂಟು ಪಾಯಿಂಟ್ ಎರಡು ಇದೆಯಲ್ಲೇ."

"ಸಾಧ್ಯವಿಲ್ಲ. ನನ್ನ ಲೆಕ್ಕದ ಪುಸ್ತಕ ನೋಡಿ. ದಿನಾ ಐದು ಪಾಯಿಂಟ್ ಎಂಟು ಅಂತ ಬರೆದಿದೀನಿ."

"ಇವತ್ತು ಶುಕ್ರವಾರ. ದಿನಾ ಅಳೆದಿದ್ದೆಯಾ?"

"ಶನಿವಾರ ಅಳೆದಿದ್ದೆ. ಉಳಿದ ದಿನ ಕಡ್ಡಿ ಬೀಗದೊಳಗಿತ್ತು. ಅದೇ ನೀರು ತಾನೆ?"

ನೀರು ಅದೇ. ಆದರೆ ಮೀನಿನ ನೀರಿಗೆ ಎಲೆ ದಿನವೂ ಹುಳಿ ಬಿಡುತ್ತಿತ್ತು, ನಿಂಬೆಯ ಹುಳಿ ನಿಲ್ಲುವ ಹುಳಿಯಲ್ಲವಂತೆ. ಎರಡು ಮೂರು ದಿನದಲ್ಲಿ ಅದರ ಪ್ರಭಾವ ಕರಗಿ, ನೀರು ತನ್ನ ಹಳೆಯ ಗುಣಕ್ಕೆ ಏರುತ್ತದಂತೆ. ಪ್ರಮಾಣಪತ್ರದ ಜೊತೆ ಕೊಟ್ಟ ಹಾಳೆಯ ಹಿಂಬದಿಯಲ್ಲಿ ಹೀಗೆಂದು ಬರೆದಿತ್ತು. ಹಿಂಬದಿಯಲ್ಲಿ ಬರೆದರೆ ಯಾರು ಓದುತ್ತಾರೆ, ಹೇಳಿ.

"ಅಂದ್ರೆ ಒಂದು ದಿನ ನಮಾಜು ಮಾಡಿ ಏಳು ದಿನಕ್ಕೆ ಲೆಕ್ಕ ಹಿಡಿದಿದೀಯ" ಎಂದರು ಅತ್ತೆ. ಈರುಳ್ಳಿಯ ಹೆಂಗಸರಿಗೆ ಈಗ ಬೇರೆ ಕಾರಣಕ್ಕೆ ಕಣ್ಣೀರು ಬಂತು.

ಕೋಳಿ ಆ ಆರು ಚೀಲದ ಮೆಣಸಿನಲ್ಲೇ ಬೆಂದಿತು. ಗಿಡ ನನ್ನದಾದರೂ ನೀರು ಅತ್ತೆಯದು, ಪಂದ್ಯ ನಾನು ಸೋತಂತೆಯೇ. ಖಾರಕ್ಕೆ ಎಲ್ಲರೂ ಬೆವರಿದರು, ಎರಡನೆಯ ಸಲ ಬಡಿಸಿಕೊಂಡರು. ನಾನು ಉಮೈರನನ್ನು ಸೊಂಟಕ್ಕೇರಿಸಿಕೊಂಡು, ಅವನ ಬಟ್ಟೆಗಳನ್ನು ಹೇಗೆ ಮಡಚಿ ಪಿಲಾಕ್ಕೆ ಕಳಿಸಲಿ ಎಂದು ಯೋಚಿಸುತ್ತ ಮೂಲೆಯಲ್ಲಿ ನಿಂತಿದ್ದೆ.

ಅತ್ತೆ ಬಂದು ಮಗುವಿನ ಮೂಗು ಒರೆಸಿದರು. "ಮುಖ ಯಾಕೆ ಹಾಗೆ? ಮಗೂನ ಪಿಲಾಕ್ಕೆ ಒಯ್ಯಲ್ಲ ಬಿಡು."

"ನಿಜವಾಗ್ಲೂ, ಮಾಕ್?"

"ಮೂವತ್ತನಾಲ್ಕು ಚೀಲ ಸಾಯ್ತಾ ಬಿದ್ದಿವೆ. ಬಿಟ್ಟು ಹೇಗೆ ಹೋಗ್ಲಿ? ನಾನೇ ಇಲ್ಲಿರ್ತೀನಿ."

ಹೀಗೆ ಶಿಶುವಿಹಾರ ರದ್ದಾಗಿ ಶಿಶುವಿಹಾರದಂಥದ್ದೇ ಕ್ಯಾಮೆರಾ ನಮ್ಮ ಮನೆಗೆ ಬಂತು. ಅದು ನನ್ನ ಹಟ. ಪಿಎಚ್ ಕಡ್ಡಿ ಅತ್ತೆಯ ಕೀಲಿಗೊಂಚಲಿಗೆ ಸೇರಿತು. ಅದು ಅವರ ಹಟ.

ನಾನು ಕಚೇರಿಗೆ ಮರಳಿದ ನಾಲ್ಕನೆಯ ದಿನ ಮೊಬೈಲಿನಲ್ಲಿ ಮನೆಯ ಕ್ಯಾಮೆರಾ ತೆರೆದು ನೋಡಿದರೆ, ಉಮೈರ್ ಟಬ್ಬಿನಲ್ಲಿ ಕೂತಿದ್ದಾನೆ. ಕುತ್ತಿಗೆಯಿಂದ ಕೆಳಗೆಲ್ಲ ಚಹಾದ ಬಣ್ಣದ ನೀರು. ಸಭೆಯಿಂದ ಎದ್ದು ಹೊರಗೋಡಿ ಫೋನು ಮಾಡಿದೆ.

"ಮಾಕ್, ಅದು ಮೀನಿನ ನೀರಾ?"

"ಮೀನಿಂದ್ಯಾಕೆ? ಹೊಸ ಎಲೆ ತೊಳೆದು ಕುದಿಸಿ ಆರಿಸಿದೀನಿ. ಬೆವರುಸಾಲೆ ಎದ್ದಿತ್ತಲ್ಲ. ನಿನ್ನ ಕಡ್ಡಿ ಇಟ್ಟೂ ನೋಡಿದೆ, ಐದು ಪಾಯಿಂಟ್ ಎಂಟು. ನಿನಗೆ ಆ ನಂಬರ್ ಇಷ್ಟ ಅಂತ."

"ಅದು ಮೆಣಸಿನ ನಂಬರ್, ಮಾಕ್. ಮಗು ಮೆಣಸಿನ ಗಿಡ ಅಲ್ಲ. ಒಂದು ನಿಮಿಷ ಇರಿ, ಮಗುವಿನ ನಂಬರ್ ಎಷ್ಟಿರಬೇಕು ಅಂತ ಹೇಳ್ತೀನಿ."

ಫೋನು ಕಿವಿಯಿಂದ ತೆಗೆದು ಅದರಲ್ಲೇ ಹುಡುಕಿದೆ. ಚರ್ಮಕ್ಕೆ ಹಿತವಾದ ಪಿಎಚ್, ಸುಮಾರು ಐದೂವರೆ. ಇನ್ನೊಂದು ಕಡೆ ಹುಡುಕಿದೆ. ಅಲ್ಲೂ ಐದೂವರೆ. ನಾನು ಇಷ್ಟು ದಿನ ಮಗುವನ್ನು ಮೀಯಿಸಿದ್ದು ಯಂತ್ರದ ಒಂಬತ್ತರಲ್ಲಿ.

"ಎಷ್ಟಂತೆ?" ಅತ್ತೆ ಕೇಳಿದರು.

ಸೋಲಲು ಮನಸ್ಸಿಲ್ಲದೆ ಕೊನೆಯ ಬಾಣ ಬಿಟ್ಟೆ. "ಅದಿರಲಿ. ನೀರಿನ ಬಿಸಿ ಎಷ್ಟಿದೆ?"

ಅತ್ತೆ ಪರದೆಯಲ್ಲಿ ತಮ್ಮ ಒದ್ದೆ ಮೊಣಕೈಯನ್ನು ಎತ್ತಿ ಕ್ಯಾಮೆರಾಕ್ಕೆ ತೋರಿಸಿದರು. ಅದನ್ನು ನೋಡಿ, ಟಬ್ಬಿನೊಳಗಿನಿಂದ ಉಮೈರನೂ ತನ್ನ ಪುಟ್ಟ ಮೊಣಕೈ ಎತ್ತಿದ.