ಔಷಧದ ಚಪಾತಿ

ಮಗಳ ಕಾಯಿಲೆ ಯಾರ ಕಡೆಯಿಂದ ಬಂತು ಎಂಬ ಪ್ರಶ್ನೆ ಯಮಕನಮರಡಿಯ ಆ ಮನೆಯಲ್ಲಿ ದಿನವೂ ಒಲೆಗಿಂತ ಮೊದಲು ಹೊತ್ತಿಕೊಳ್ಳುತ್ತಿತ್ತು.

ನಾಲ್ಕು ವರ್ಷದ ಶ್ರದ್ಧಾಳ ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿಯಾದಾಗ ಬೆಳಗಾವಿಯ ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿ, ಈ ಮಗುವಿಗೆ ಗೋಧಿ ಆಗದು, ಜನ್ಮಪೂರ್ತಿ ಮುಟ್ಟಿಸಬೇಡಿ ಎಂದಿದ್ದರು. ಜೋಳದ ರೊಟ್ಟಿಯ ಮೇಲೆ ಮಗು ಚಿಗುರಿಕೊಂಡಿತು. ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಡಾಕ್ಟರು ಬಾಲಂಗೋಚಿಯೊಂದನ್ನು ಅಂಟಿಸಿದರು: "ಇದು ರಕ್ತಸಂಬಂಧದಾಗ ಬರ್ತೈತಿ. ತಂದಿ-ತಾಯಿ ಇಬ್ರೂ ರಕ್ತ ತೋರಿಸ್ರಿ."

"ನಮ್ಮ ಮನಿತನದಾಗಂತೂ ಇಲ್ಲವಾ," ಎಂದಳು ಅತ್ತೆ ಭರಮವ್ವ. "ನಮ್ಮ ಮಾವ ಕುಂತಲ್ಲೇ ಹನ್ನೆರಡು ಹೋಳಿಗಿ ತಿಂತಿದ್ರು."

"ನಮ್ಮ ತವರೂರು ದಡ್ಡ್ಯಾಗ ದಿನಾ ಚಪಾತೀನ ರಿ ಅತ್ತಿ," ಎಂದಳು ಸೊಸೆ ರಾಜಮತಿ. "ರೊಟ್ಟಿ ಬಡದ ಸಪ್ಪಳ ಕೇಳಿದ್ರ, ಏನಾತು ಅಂತ ಬಾಜೂದವ್ರು ಓಡಿ ಬರ್ತಿದ್ರು."

"ಅದಕ್ಕ ನೋಡು, ಹಿಟ್ಟಿನ ಕೈಲೇ ಗ್ವಾಡಿಗೆ ಒರಗಿ ಕನಸ ಕಾಣ್ತಿ!"

ಅದು ಮಾತ್ರ ನಿಜ. ಹೊತ್ತೇರುತ್ತಿದ್ದಂತೆ ರಾಜಮತಿಯ ಕಾಲು ಭಾರವಾಗಿ, ಕಣ್ಣ ಮುಂದೆ ತೆಳ್ಳನೆಯ ಮಂಜು ಕವಿದು, ಅವಳು ಎಲ್ಲೋ ತೇಲಿಹೋಗುತ್ತಿದ್ದಳು. (ಅತ್ತೆಯ ಭಾಷೆಯಲ್ಲಿ ಇದಕ್ಕೆ ಆಳಸುತನ ಎಂದು ಹೆಸರು.)

ಗಂಡ ಧನಪಾಲ ಮೊದಲು ಹೋಗಿ ರಕ್ತ ಕೊಟ್ಟ. ಅವನ ವರದಿ ಸ್ವಚ್ಛ. ಸನ್ಮಾನ ಮಾಡಿಸಿಕೊಂಡವನಂತೆ ಓಣಿಯಲ್ಲಿ ಓಡಾಡಿದ. ಉಳಿದವಳು ರಾಜಮತಿ. ತನ್ನ ರಕ್ತವೂ ಸ್ವಚ್ಛವಿದ್ದರೆ ಸಾಕು, ಈ ನೋವು ಮಗಳಿಗೆ ತನ್ನಿಂದ ಬಂದದ್ದಲ್ಲ ಎಂದು ತಿಳಿದರೆ ಸಾಕು. ಅವಳಿಗೆ ಬೇಕಾಗಿದ್ದುದು ಅಷ್ಟೇ.

ಅಷ್ಟರಲ್ಲಿ ಚಾತುರ್ಮಾಸ ಬಂತು. ತನ್ನ ತಾಟಿನ ಚಪಾತಿಯನ್ನು ಮಗಳು ಪಿಳಿಪಿಳಿ ನೋಡುವುದನ್ನು ಕಂಡು, ರಾಜಮತಿ ಬಸದಿಯಲ್ಲಿ ಮುನಿ ಮಹಾರಾಜರ ಮುಂದೆ ತುಂಬಿದ ಸಭೆಯಲ್ಲಿ ನೇಮ ಹಿಡಿದಳು: ಚಾತುರ್ಮಾಸ ಮುಗಿಯುವವರೆಗೆ ಗೋಧಿ ತ್ಯಾಗ! ಹೆಂಗಸರೆಲ್ಲ ತಲೆದೂಗಿದರು. ಅದುವರೆಗೆ 'ದಡ್ಡಿಯಾಕಿ' ಎನ್ನುತ್ತಿದ್ದ ಭರಮವ್ವ ಮೊದಲ ಸಲ 'ನಮ್ಮ ಸೊಸಿ' ಎಂದಳು.

ಒಂದು ತಿಂಗಳ ಮೇಲೆ ಬೆಳಗಾವಿಗೆ ಹೋದಾಗ ಡಾಕ್ಟರು, "ಚಪಾತಿ ತಿನ್ನಾಕತ್ತೀರಲ್ಲ?" ಎಂದರು.

ರಾಜಮತಿ ವಿನಯದಿಂದ ತಲೆ ತಗ್ಗಿಸಿದಳು. "ಇಲ್ರಿ, ತ್ಯಾಗ ಮಾಡೇನಿ." ಹೊಗಳಿಕೆಗೆ ಕಾದಳು.

ಡಾಕ್ಟರು ಸೂಜಿಯನ್ನು ಕೆಳಗಿಟ್ಟರು. "ಹಂಗಾರ ರಕ್ತ ತಗೊಂಡು ಏನ್ ಮಾಡೂದ್ರಿ? ಗೋದಿ ಆಗದವರ ಮೈ ಅದರ ಮ್ಯಾಲ ದಂಡು ಕಟ್ಟತೈತಿ. ಪ್ರತಿಕಾಯ ಅಂತಾರ. ನಾವು ಹುಡುಕೂದು ಆ ದಂಡನ್ನ. ವೈರಿ ಬರೂದ ಬಿಟ್ರ ದಂಡು ಮನಿಗೆ ಹೋಗತೈತಿ, ನಮಗ ಏನೂ ಸಿಗಾಂಗಿಲ್ಲ. ಆರೆಂಟು ವಾರ ದಿನಾ ಚಪಾತಿ ತಿಂದು ಬರ್ರಿ."

ಮರಳುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿದವಳಿಗೆ ಘಟಪ್ರಭೆ ಕಂಡಿತು. ನೀರಿನ ಮೇಲೆ ಹುಣ್ಣಿಮೆಯ ಚಂದ್ರರಂತೆ ಚಪಾತಿಗಳು ತೇಲಿ ಬರುತ್ತಿದ್ದವು. ಪದರು ಪದರಾಗಿ, ನಡುವೆ ತುಪ್ಪದ ಮಿನುಗು. ಅವಳು ದಂಡೆಯಲ್ಲಿ ಸೆರಗೊಡ್ಡಿ ನಿಂತಿದ್ದಳು. ಕಂಡಕ್ಟರ್ ಎಬ್ಬಿಸಿದಾಗ ಯಮಕನಮರಡಿ ದಾಟಿ ಎರಡು ಸ್ಟಾಪು ಮುಂದೆ ಹೋಗಿದ್ದಳು.

ಮನೆಯಲ್ಲಿ ಭರಮವ್ವ ಎಲ್ಲ ಕೇಳಿ, ಕಣ್ಣು ಮುಚ್ಚಿ ವಿಚಾರ ಮಾಡಿ, ತೀರ್ಪು ಕೊಟ್ಟಳು: "ನೇಮದಾಗ ಔಷಧಕ್ಕ ಅಡ್ಡಿ ಇಲ್ಲ. ಆದ್ರ ಔಷಧ ಔಷಧದಂಗ ತಗೋಬೇಕು. ರುಚಿಗೆ ತಿಂದ್ರ ನೇಮ ಮುರೀತು."

ಮರುದಿನದಿಂದ ಶುರುವಾಯಿತು. ಮಗಳು ಹೊರಗೆ ಆಡಲು ಹೋದ ಮೇಲೆ, ಬೇರೆ ಹಂಚಿನಲ್ಲಿ ಬೇಯಿಸಿದ ಎರಡು ಒಣ ಚಪಾತಿ. ಪಲ್ಯವಿಲ್ಲ, ಚಟ್ನಿಯಿಲ್ಲ. ಪಕ್ಕದಲ್ಲಿ ನೀರಿನ ತಂಬಿಗೆ ಹಿಡಿದ ಭರಮವ್ವ.

"ನುಂಗು."

"ಒಂದ್ ಹನಿ ಎಣ್ಣಿ ರಿ ಅತ್ತಿ..."

"ಗುಳಗಿಗೆ ಯಾರರ ಎಣ್ಣಿ ಹಚ್ಚತಾರೇನ?"

ರಾಜಮತಿ ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು.

"ಕಣ್ಣ ತೆರಿ! ಮನಸಿನ್ಯಾಗ ತುಪ್ಪ ಹಾಕ್ಕೊಳಾಕತ್ತಿ ಅಲ್ಲ? ಅದೂ ನಡಿಯಾಂಗಿಲ್ಲ."

ವಾರಗಳು ಕಳೆದವು, ರಕ್ತ ಹೋಯಿತು, ವರದಿ ಬಂತು. ದಂಡು ದೊಡ್ಡದಿತ್ತು. ಗಂಟಲಿನಿಂದ ದುರ್ಬೀನು ಇಳಿಸಿ ಕರುಳನ್ನು ನೋಡಿದರು, ಖಾತ್ರಿಯಾಯಿತು. ಮೈಯಲ್ಲಿ ರಕ್ತವೂ ಕಡಿಮೆ. ಆ ಮಂಜು, ಆ ತೇಲಾಟ ಎಲ್ಲ ಅದರಿಂದಲೇ ಎಂದರು.

ರಾಜಮತಿ ಚಹಾದ ಕಪ್ಪು-ಬಸಿ ಹಿಡಿದು ಅಡುಗೆಮನೆಯಲ್ಲಿ ಕುಳಿತಳು. "ನನ್ನಿಂದನ ಬಂತ್ರಿ ಅತ್ತಿ."

ಗುಡುಗು ಬರಲಿಲ್ಲ. ಭರಮವ್ವ ಪಕ್ಕದಲ್ಲಿ ಕುಳಿತು ಸೆರಗಿನಿಂದ ಸೊಸೆಯ ಮುಖ ಒರೆಸಿದಳು. "ಹುಚ್ಚಿ, ನೀ ಏನ್ ಬೇಕಂತ ಕೊಟ್ಟೀ? ಇಂಥಾ ನಿತ್ರಾಣದಾಗ ದುಡದಿ. ನಾ ಆಳಸಿ ಅಂದೆ. ಇನ್ನ ತಾಯಿ-ಮಗಳಿಗೆ ಕೂಡೇ ರೊಟ್ಟಿ ಬಡಿತೇನಿ ತಗೋ."

ರಾಜಮತಿ ಕರಗಿ ನೀರಾದಳು. ಆ ಭಾವಾವೇಶದಲ್ಲಿ ಒಂದು ಮಾತು ಹೆಚ್ಚು ಆಡಿದಳು: "ಇನ್ನ ನಂದು ಜನ್ಮಪೂರ್ತಿ ತ್ಯಾಗ ಆತ್ರಿ."

ಒರೆಸುತ್ತಿದ್ದ ಸೆರಗು ನಿಂತಿತು.

"ತ್ಯಾಗ? ಮೈಗೆ ಆಗದ್ದನ್ನ ಬಿಟ್ರ ಅದು ತ್ಯಾಗ ಹೆಂಗಾದೀತು? ಅದು ಪಥ್ಯ." ಭರಮವ್ವ ಗಂಭೀರವಾಗಿ ಯೋಚಿಸಿದಳು. "ಮಹಾರಾಜರ ಮುಂದ ತ್ಯಾಗ ಅಂದಿ. ಚಾತುರ್ಮಾಸ ಇನ್ನೂ ಮುಗದಿಲ್ಲ. ಬ್ಯಾರೆ ಏನರ ಬಿಡಬೇಕ ನೋಡವಾ."

ಅತ್ತೆಯ ಕಣ್ಣು ನಿಧಾನವಾಗಿ ತನ್ನ ಕೈಯ ಬಸಿಯತ್ತ ಇಳಿಯುವುದನ್ನು ಕಂಡ ರಾಜಮತಿ, ಹಬೆಯಾಡುವ ಚಹಾವನ್ನು ನಾಲಿಗೆ ಸುಟ್ಟರೂ ಒಂದೇ ಗುಟುಕಿಗೆ ಕುಡಿದು ಮುಗಿಸಿದಳು.