ಸೋದರಮಾವನ ತೊಡೆ ಮತ್ತು ಒಂದನೇ ಕ್ಲಾಸಿನ ನೆಗಡಿ

ನೀವು ಒಂದೇ ಒಂದು ಸಲ ಸೀನಿದರೆ ಸಾಕು, ನಿಮ್ಮ ಮನೆಯ ಮಗು ಯಾವ ಊರಿನ ಶಾಲೆಗೆ ಹೋಗುತ್ತದೆಂದು ನಮ್ಮಣ್ಣ ಹೇಳಿಬಿಡುತ್ತಾನೆ! ನಗಬೇಡಿ, ಮೊದಮೊದಲು ನಾನೂ ನಗುತ್ತಿದ್ದೆ. ಮಾತು ಕೇಳಿ ಜಿಲ್ಲೆ ಹೇಳುವವರಿಲ್ಲವೇ, ಹಾಗೆ ಇದೂ ಒಂದು ವಿದ್ಯೆ. ಅವನು ಹಿರೀಸಾವೆ ಹತ್ತಿರದ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಚಿಕ್ಕ ಮಕ್ಕಳ ಮೇಷ್ಟ್ರು. ವರ್ಷಗಟ್ಟಲೆ ಒಂದನೇ ಕ್ಲಾಸಿನ ಮೂಗುಗಳ ನಡುವೆ ಕೂತೂ ಕೂತೂ ಅದು ಅವನಿಗೆ ಒಲಿದಿದೆ.

ಒಮ್ಮೆ ಚನ್ನರಾಯಪಟ್ಟಣದಲ್ಲಿ ಹಾಸನದ ಬಸ್ಸು ಹತ್ತಿದ್ದೆವು. ನಮ್ಮ ಹಿಂದಿನ ಸೀಟಿನ ಮೀಸೆಯವರೊಬ್ಬರು ಕಿಟಕಿ ಗಾಜು ಅದುರುವಂತೆ ಸೀನಿದರು. ಅಣ್ಣ ಮೆಲ್ಲಗೆ ತಿರುಗಿದ.

“ಮನೇಲಿ ಒಂದ್ನೇ ಕ್ಲಾಸಿಗೆ ಓಗೋ ಮಗ ಅದಾ ಸಾ?”

“ಅದೆ ಸಾ, ಮೊಮ್ಮಗ. ಯಾಕೆ?”

“ಬಾಗೂರು ಸ್ಕೂಲಾ?”

“ಅಯ್ಯೋ, ಬಾಗೂರೇ ಸಾ! ಎಂಗ್ ಗೊತ್ತಾಯ್ತು?”

“ಓದ್ವಾರ ಮೀಟಿಂಗಲ್ಲಿ ಬಾಗೂರು ಮೇಷ್ಟ್ರೂ ಇಂಗೇ ಎಲ್ಡ್ ಸಲ ಕೆಮ್ಮಿ ಆಮ್ಯಾಕೆ ಸೀನ್ತಿದ್ರು.”

ಆ ಮನುಷ್ಯ ಭಕ್ತಿಯಿಂದ ಅಂಗೈ ಚಾಚಿದರು. “ಅಂಗೇ ಇದ್ನೂ ಒಸಿ ನೋಡ್ಬುಡಿ ಸಾ. ಮಗ್ಳ ಮದ್ವೆ ಯಾವಾಗ ಕೂಡ್ ಬತ್ತದೆ?” ಅಣ್ಣ ಆ ಕೈ ಮುಟ್ಟಲೇ ಇಲ್ಲ. “ಮೊದ್ಲು ಸೋಪ್ ಆಕಿ ತೊಳ್ಕಳಿ ಸಾ, ಮದ್ವೆ ಆಮ್ಯಾಕೆ” ಎಂದು ಮುಂದಕ್ಕೆ ತಿರುಗಿ ಕೂತ.

ಅವನ ಪ್ರಕಾರ ದೊಡ್ಡವರಿಗೆ ನೆಗಡಿ ಬಂದರೆ ಅದು ಅವರ ಪಾಡು. ಮಕ್ಕಳಿಗೆ ಬಂದರೆ ಊರಿನ ಪಾಡು. ಯಾಕೆಂದರೆ ಮಕ್ಕಳು ಉದಾರಿಗಳು! ಅರ್ಧ ಚೀಪಿದ ಪೆಪ್ಪರಮಿಂಟು ಕೊಡುತ್ತಾರೆ, ತುದಿ ಕಡಿದ ಪೆನ್ಸಿಲು ಕೊಡುತ್ತಾರೆ, ಗುಟ್ಟು ಹೇಳುವಾಗ ಮೂಗಿಗೆ ಮೂಗು ತಾಗಿಸುತ್ತಾರೆ. ಕಿಟಕಿ ಮುಚ್ಚಿದ ಒಂದೇ ರೂಮಿನಲ್ಲಿ ಅಷ್ಟೂ ಜನ ಒತ್ತೊತ್ತಾಗಿ ಕೂತು ಎದೆ ಬಿರಿಯುವಂತೆ ಮಗ್ಗಿ ಹೇಳುತ್ತಾರೆ. ಇನ್ನೇನು ಬೇಕು ಹೇಳಿ ಒಂದು ವೈರಸ್ಸಿಗೆ?

ಹಾಗಾಗಿ ಅವನು ಮೊದಲು ಕಿಟಕಿಗಳ ಮೇಲೆ ಬಿದ್ದ. ತುಕ್ಕು ಹಿಡಿದ ಚಿಲಕಗಳನ್ನು ಕಲ್ಲಲ್ಲಿ ಕುಟ್ಟಿ ತೆಗೆದ. ಗಾಳಿ ಬಂತು, ಬೆಳಕು ಬಂತು, ಹಿಂದೆಯೇ ಕೋತಿಗಳೂ ಬಂದವು! ಬಿಸಿಯೂಟದ ಬಾಳೆಹಣ್ಣೆಲ್ಲ ಮಾಡಿನ ಮೇಲಕ್ಕೆ ಹೋಯಿತು. ಅಡುಗೆಯಮ್ಮ ಸೌಟು ಹಿಡಿದು, “ನೆಗ್ಡಿನೇ ವಾಸಿ ಅಲ್ವಾ ಸಾ? ಅದು ಬಾಳೆಹಣ್ಣು ತಿನ್ನಾಕಿಲ್ಲ” ಎಂದಳು. ಅವನು ಸೋಲಲಿಲ್ಲ, ತನ್ನ ಖರ್ಚಿನಲ್ಲೇ ಕಿಟಕಿಗೆ ಜಾಲರಿ ಹೊಡೆಸಿದ.

ಆಮೇಲೆ ಮೊಣಕೈ ಪಾಠ. ಅಂಗೈಗೆ ಸೀನಬಾರದು, ಮೊಣಕೈ ಮಡಚಿ ಅದರೊಳಗೆ ಸೀನಬೇಕು ಎಂದು ತನ್ನ ಮೊಣಕೈ ಮಡಚಿ ತೋರಿಸಿದ. ಮಕ್ಕಳು ಎಂಥ ವಿಧೇಯರು ಅಂತೀರಿ! ಮಾರನೇ ದಿನ ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಎರಡು ಜಡೆಯ ಪುಟಾಣಿಯೊಂದು ಮುಖ ಮೇಲೆತ್ತಿ, ಮೂಗು ಹಿಡಿದುಕೊಂಡು ಓಡಿ ಬಂತು. “ಸಾ, ಬಿರ್ನೆ ನಿಮ್ ಮೊಣಕೈ ಕೊಡಿ ಸಾ!” ಇವನು ಏನೆಂದು ಬಗ್ಗುವಷ್ಟರಲ್ಲಿ ಅಂಗಿಯ ತೋಳಿಗೆ ಅಭಿಷೇಕ ಮುಗಿದಿತ್ತು. ಮೇಷ್ಟ್ರು ತೋರಿಸಿದ್ದು ಮೇಷ್ಟ್ರ ಮೊಣಕೈ ತಾನೇ? ಆ ವಾರವೆಲ್ಲ ಸೀನು ಬಂದವರು ಅವನ ಮುಂದೆ ಸಾಲುಗಟ್ಟಿದರಂತೆ. ಅತ್ತಿಗೆ ದಿನಾ ಸಂಜೆ ಆ ಅಂಗಿಯನ್ನು ಕಡ್ಡಿಯಲ್ಲಿ ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದಳು.

ಮಕ್ಕಳಾದರೂ ಕಲಿತರು. ಅಪ್ಪ ಅಮ್ಮಂದಿರಿಗೆ ಕಲಿಸುವವರಾರು? ಮೈ ಕೆಂಡವಾಗಿದ್ದ ಹುಡುಗನನ್ನು ಒಂದು ದಿನ ತನ್ನ ಬೈಕಿನಲ್ಲಿ ಕೂರಿಸಿಕೊಂಡು ಮನೆಗೇ ಬಿಡಲು ಹೋದ. “ಜ್ವರ ಬಂದ್ ಮಗೀನ ಸ್ಕೂಲಿಗೆ ಕಳಿಸ್ಬಾರ್ದು ಕಣಮ್ಮ, ಎಲ್ರಿಗೂ ಅಂಟ್ಕತದೆ.” ಆ ತಾಯಿ ಗಾಬರಿಯಾಗಿ, “ಅದ್ಕೇ ಕಳಿಸಿದ್ದು ಸಾ! ಮನೇಲಿಟ್ಕಂಡ್ರೆ ನಮ್ಗೂ ಅಂಟ್ಕಳಲ್ವಾ?” ಎಂದಳು. ಅಣ್ಣ ಹುಡುಗನನ್ನು ಇಳಿಸಿ ಬೈಕು ತಿರುಗಿಸಿದ.

ಕೊನೆಗೆ ಕಣ್ಣಿಗೆ ಕಾಣುವಂತೆಯೇ ತೋರಿಸುತ್ತೇನೆಂದು ಹೊರಟ. ಬೆಳಗ್ಗೆ ಒಬ್ಬ ಹುಡುಗನ ಅಂಗೈಗೆ ನೀಲಿ ರಂಗೋಲಿ ಪುಡಿ ಸವರಿ, “ಇದೇ ನೆಗ್ಡಿ ಅಂದ್ಕಳಿ” ಎಂದ. ಊಟದ ಹೊತ್ತಿಗೆ ನೆಗಡಿ ನಲ್ಲಿಯ ಮೇಲಿತ್ತು, ಗಂಟೆಯ ಮೇಲಿತ್ತು, ಭೂಪಟದಲ್ಲಿ ಗುಜರಾತಿನವರೆಗೆ ಹಬ್ಬಿತ್ತು, ಅಡುಗೆಯಮ್ಮನ ಸೆರಗಿಗೂ ಮೆತ್ತಿತ್ತು! ಅದೇ ದಿನ ತಪಾಸಣೆಗೆ ಬಂದ ಸಾಹೇಬರು ಹೆಡ್ಮಾಸ್ತರರ ಕೈ ಕುಲುಕಿ, ಮುಖ ಒರೆಸಿಕೊಂಡು, ನೀಲಿ ಕೆನ್ನೆಯಲ್ಲೇ ಜೀಪು ಹತ್ತಿದರು. ಹೇಳುವ ಧೈರ್ಯ ಯಾರಿಗಿತ್ತು?

ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದಾಗ ಅಣ್ಣ, “ಎಲ್ರಿಗಿಂತ ಜಾಸ್ತಿ ಯಾರ್ ಮೇಲದೆ ನೋಡ್ರಲಾ” ಎಂದನಂತೆ. ಎಲ್ಲರೂ ಅವನನ್ನೇ ತೋರಿಸಿದರು. ಅಂಗಿ, ಕಿವಿ, ಕನ್ನಡಕ, ತೊಡೆ, ಎಲ್ಲ ನೀಲಿ! ಮನೆ ನೆನೆದು ಅಳುವವರು, ಬಿದ್ದು ಬಂದವರು, ಸುಮ್ಮನೆ ಕೂರಬೇಕೆನಿಸಿದವರು, ಎಲ್ಲರೂ ಏರುವುದು ಅವನ ತೊಡೆಯನ್ನೇ. ಆ ದಿನ ಸಂಜೆ ಫೋನು ಮಾಡಿ, “ನೆಗ್ಡಿಗೆ ಎಲ್ಲಾ ಬಸ್ಸೂ ಬಂದ್ ನಿಲ್ಲೋ ಹಿರೀಸಾವೆ ಸ್ಟ್ಯಾಂಡು ನಾನೇ ಕಣಮ್ಮಿ” ಎಂದ. ನಾನು ನಕ್ಕೆ. ಅವನು ನಗಲಿಲ್ಲ, ಯಾಕೆಂದು ನನಗೆ ಆಗ ಹೊಳೆಯಲಿಲ್ಲ.

ನಾನಾಗ ಬಸುರಿ. ದೀಪಾವಳಿಯ ಹೊತ್ತಿಗೆ ಹಾಸನದಲ್ಲಿ ನನ್ನ ಮಗಳು ತಿಂಗಳು ತುಂಬುವ ಮೊದಲೇ ಹುಟ್ಟಿಬಿಟ್ಟಳು, ಅಂಗೈಯಗಲದ ಕೂಸು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಿಂದ ಮನೆಗೆ ಕಳಿಸುವಾಗ ಡಾಕ್ಟರು, “ಇದರ ಶ್ವಾಸಕೋಶ ಇನ್ನೂ ಎಳಸು. ನಮಗೆ ಬರೀ ನೆಗಡಿ ಅನ್ನಿಸೋದು ಇದರ ಜೀವಕ್ಕೇ ಬರಬಹುದು, ಕೆಲವು ತಿಂಗಳು ಹುಷಾರು” ಎಂದಿದ್ದರು. ಅವತ್ತಿನಿಂದ ಅಣ್ಣ ನಮ್ಮ ಮನೆಯೊಳಗೆ ಕಾಲಿಡಲಿಲ್ಲ. ಪ್ರತಿ ಭಾನುವಾರ ಬಸ್ಸಿನಲ್ಲಿ ಬರುತ್ತಿದ್ದ, ಗೇಟಿನ ಹೊರಗೆ ನಿಲ್ಲುತ್ತಿದ್ದ, ನಾನು ಕಿಟಕಿಯಲ್ಲಿ ಮಗುವನ್ನೆತ್ತಿ ತೋರಿಸಿದರೆ ನೋಡಿ ಕೈ ಬೀಸಿ ಹೋಗುತ್ತಿದ್ದ.

ನಮ್ಮತ್ತೆ ಮಲ್ಲಿಪಟ್ಟಣದವರು. ಅವರಿಗೆ ಇದು ತಡೆಯಲಾಗದ ಅವಮಾನ. “ಸೋದರ್ಮಾವ ಅನ್ನೋನು ಗೇಟ್ ತಾವ ನಿಂತವ್ನಲ್ಲ, ವೋಟ್ ಕೇಳಕ್ ಬಂದೋನಂಗೆ!”

ಸಂಕ್ರಾಂತಿ ಕಳೆದ ಮೇಲೆ ಕಿವಿ ಚುಚ್ಚಿಸುವ ದಿನ ಗೊತ್ತಾಯಿತು. ನಮ್ಮಲ್ಲಿ ಕಿವಿ ಚುಚ್ಚುವುದು ಸೋದರಮಾವನ ತೊಡೆಯ ಮೇಲೆಯೇ. ಹೊಳೆನರಸೀಪುರದಿಂದ ಆಚಾರ್ರು ಬಂದು ಚಿನ್ನದ ತಂತಿ ಹಿಡಿದು ಕೂತರು. ಅಣ್ಣ ಇಸ್ತ್ರಿ ಮಾಡಿದ ಬಿಳೀ ಅಂಗಿ ಹಾಕಿಕೊಂಡು ಬಂದು ಗೇಟಿನ ಹೊರಗೇ ನಿಂತ!

“ತೊಡೆ ಯಾರ್ದು ಅಂತ ಏಳ್ಬುಡಿ ತಾಯಿ, ನಂಗೆ ಇನ್ನೊಂದ್ ಮನೆ ಅದೆ” ಎಂದರು ಆಚಾರ್ರು.

ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು. ಗೇಟಿಗೆ ಹೋಗಿ, “ನಿಂಗೆ ಕೆಮ್ಮಿಲ್ಲ, ನೆಗಡಿಯಿಲ್ಲ. ಒಳಗೆ ಬರೋಕೇನು ಕಷ್ಟ?” ಎಂದೆ.

“ಮೂಗು ಸುರಿಯಾಕ್ ಮುಂಚೇನೇ ಅದು ಅಂಚೋಗಿರ್ತದೆ ಕಣವ್ವ. ನಿನ್ನೆ ನಮ್ ಕ್ಲಾಸಲ್ಲಿ ಅರ್ಧ ಮಕ್ಕಳು ಕೆಮ್ತಿದ್ವು.”

“ಹಾಗಾದ್ರೆ ಸ್ವಲ್ಪ ದಿನ ಆ ಮಕ್ಕಳನ್ನ ದೂರ ಕೂರಿಸು. ಅವು ಹೆಚ್ಚೋ, ನನ್ನ ಮಗಳು ಹೆಚ್ಚೋ?”

ಅಣ್ಣ ಗೇಟಿನ ಸರಳು ಹಿಡಿದುಕೊಂಡ. “ಅತ್ಕಂಡ್ ಬಂದು ತೊಡೆ ಏರೋ ಮಗೀನ ಅತ್ಲಾಗೋಗು ಅನ್ನಾಕೆ ನಂಗ್ ಬರಾಕಿಲ್ಲ. ನಿನ್ ಮಗೀಗೆ ಏನಾದ್ರೂ ಆದ್ರೆ ನಾನ್ ಬದ್ಕಾಕಿಲ್ಲ. ನಂಗಿರೋದು ಒಂದೇ ತೊಡೆ ಕಣಮ್ಮಿ, ಒಸಿ ಕಾಯಿ” ಎಂದ.

ಆಚಾರ್ರನ್ನು ವಾಪಸ್ಸು ಕಳಿಸಿದೆವು. ಅತ್ತೆ ಮುಖ ಊದಿಸಿಕೊಂಡರು. ನಾನೂ ಅವತ್ತು ಸಿಟ್ಟಿನಲ್ಲೇ ಒಳಗೆ ಬಂದೆ.

ಏಪ್ರಿಲ್ಲಿನಲ್ಲಿ ಶಾಲೆಗೆ ಬೇಸಿಗೆ ರಜ ಬಿಟ್ಟಿತು. ಅಣ್ಣ ಮದುವೆಗೆ ಹೋಗಲಿಲ್ಲ, ಸಂತೆಗೆ ಹೋಗಲಿಲ್ಲ, ಪಕ್ಕದ ಮನೆಯ ಮಕ್ಕಳು ಬಂದರೆ ಅಟ್ಟ ಹತ್ತಿ ಕೂತ. ಕೆಮ್ಮು ಸೀನು ಯಾವುದೂ ಇಲ್ಲವೆಂದು ಖಾತ್ರಿಯಾದ ಮೇಲೆ ಒಂದು ಬೆಳಗ್ಗೆ ನಮ್ಮ ಗೇಟು ತಾನೇ ತೆಗೆದುಕೊಂಡು ಒಳಗೆ ಬಂದ. ಬಚ್ಚಲಿಗೆ ಹೋಗಿ ಸ್ನಾನ ಮಾಡಿ, ಒಗೆದ ಪಂಚೆಯುಟ್ಟು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ನಾನು ಮಗಳನ್ನು ಅವನ ತೊಡೆಯ ಮೇಲಿಟ್ಟೆ. ಊರಿನ ಮಕ್ಕಳನ್ನೆಲ್ಲ ಎತ್ತಿ ಆಡಿಸಿದವನು ಇವಳನ್ನು ಎಲ್ಲಿ ಹಿಡಿಯಬೇಕೆಂದು ನನ್ನನ್ನೇ ಕೇಳಿದ.

ಹೇಳಿಕಳಿಸಿದ್ದಕ್ಕೆ ಮತ್ತೆ ಬಂದಿದ್ದ ಆಚಾರ್ರು ಚುಚ್ಚಿದರು. ಮಗು ಕಿರುಚಿತು. ಅದಕ್ಕಿಂತ ಜೋರಾಗಿ ಅತ್ತವನು ನಮ್ಮಣ್ಣ!

ಎರಡೂ ಕಿವಿ ಮುಗಿದ ಮೇಲೆ ಮಗು ಬಿಕ್ಕುತ್ತಾ ಬಿಕ್ಕುತ್ತಾ ಅವನ ಎದೆಗೆ ಮುಖ ಒತ್ತಿಕೊಂಡು ನಿದ್ದೆ ಹೋಯಿತು. ಅತ್ತೆ, “ಕೊಡಪ್ಪ, ಕಾಲು ಜೋಮು ಹಿಡ್ದಿರ್ತದೆ, ತೊಟ್ಟಿಲಿಗೆ ಆಕ್ತೀನಿ” ಎಂದು ಕೈ ಚಾಚಿದರು.

ಅಣ್ಣ ಕೊಡಲಿಲ್ಲ. ತಲೆ ಎತ್ತದೆ, ಮಗುವಿಗೆ ಎಚ್ಚರವಾಗದಷ್ಟು ಮೆಲ್ಲಗೆ ಹೇಳಿದ.

“ಇರ್ಲಿ ಬುಡಿ ಅಮ್ಮ. ಸ್ಕೂಲ್ ಬಾಗ್ಲು ತೆಗೆಯೋಗಂಟ ಇಲ್ಲೇ ಇರ್ಲಿ.”