ಬುಟ್ಟಿಯ ತಳದ ನಿಂಬೆಹಣ್ಣು

ಹತ್ತಿಯ ಊರಾದ ಆದೋನಿಯವರು ನಾವು, ನಮಗೆ ಒಂದು ರೋಗವಿದೆ. ಯಾವ ಗಿಡಕ್ಕೆ ಯಾವ ಹುಳ ಬಿದ್ದರೂ ಹತ್ತಿಯ ಔಷಧವನ್ನೇ ಹೇಳುತ್ತೇವೆ. ನಾನಂತೂ ಹತ್ತಿ ದಲಾಲಿ ಮಾಡುವವನು. ಒಂದು ದಿನವೂ ಬಗ್ಗಿ ಕಳೆ ಕಿತ್ತವನಲ್ಲ, ಆದರೆ ಚಹಾದ ಅಂಗಡಿಯಲ್ಲಿ ಕೂತು ರೈತರಿಗೆ ಹುಳದ ಬಗ್ಗೆ ಉಪದೇಶ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಅವರೂ ಪಾಪ, ಕೇಳಿದಂತೆ ಮಾಡಿ ನನ್ನ ಚಹಾ ಕುಡಿದು ಹೋಗುತ್ತಾರೆ. ಈ ಪಾಂಡಿತ್ಯ ಅಂಗಡಿಯಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಅದು ಹಿತ್ತಲಿಗೆ ಬಂತು.

ಹಿತ್ತಲಲ್ಲಿ ನನ್ನ ಹೆಂಡತಿ ಗಿರಿಜಾ ಬೆಳೆಸಿದ ನಿಂಬೆ ಗಿಡವಿದೆ. ಎಮ್ಮಿಗನೂರಿಗೆ ಕೊಟ್ಟ ಮಗಳು ಶಶಿ ಬಸುರಿಯಾದಾಗ, ಆಕೆಗೆ ಬಯಕೆಯಾದದ್ದು ಈ ಗಿಡದ ಹಣ್ಣಿನ ಉಪ್ಪಿನಕಾಯಿಯ ಮೇಲೇ. ಗಿಡ ಆಗಷ್ಟೇ ಹೂಬಿಟ್ಟಿತ್ತು. ಗಿರಿಜಾ ಬಂದು, "ಏನ್ರೀ, ಹೂವಿನಾಗ ಸಣ್ಣ ಹುಳ ಅದಾವ, ಮೊಗ್ಗೆಲ್ಲ ಉದರಾಕತ್ಯಾವ. ತಿಳದೋರನ್ನ ಯಾರನ್ನರ ಕೇಳ್ರಿ" ಅಂದಳು. ತಿಳಿದವನು ಎದುರಿಗೇ ನಿಂತಿದ್ದೆನಲ್ಲ, ನನಗೆ ಸಿಟ್ಟು ಬಂತು. ಹತ್ತಿ ಹೊಲದಲ್ಲಿ ಬಿಳಿ ನೊಣ ಹಿಡಿಯಲು ಹಳದಿ ಹಲಗೆಗೆ ಎಣ್ಣೆ ಹಚ್ಚಿ ನಿಲ್ಲಿಸುತ್ತಾರೆ. ನಾನೂ ಹಳದಿ ರಟ್ಟುಗಳಿಗೆ ಔಡಲೆಣ್ಣೆ ಬಳಿದು ಕೊಂಬೆಗೊಂದರಂತೆ ತೂಗುಹಾಕಿದೆ. ಮರುದಿನ ನೋಡಿದರೆ ಮೊಗ್ಗಿನ ಹುಳ ಮೊಗ್ಗಿನಲ್ಲೇ ಇದ್ದವು. ರಟ್ಟಿಗೆ ಅಂಟಿಕೊಂಡಿದ್ದು ಜೇನುನೊಣಗಳು, ಜೊತೆಗೆ ನನ್ನ ಹೊಸ ಧೋತರದ ಚುಂಗು.

"ಕಾಯಿ ಕಟ್ಟಸೋ ಜೇನು ಹಿಡದು, ಹೂವು ತಿನ್ನೋ ಹುಳ ಬಿಟ್ರಿ. ಭಾಳ ಚಲೋ ಆತು" ಅಂದಳು ಗಿರಿಜಾ. ಸಿಟ್ಟಿನಲ್ಲಿ ಹೇಳಿದ್ದರೆ ನಾನೂ ಜಗಳ ಆಡಬಹುದಿತ್ತು. ಮೆತ್ತಗೆ ಹೇಳಿದಳು.

ಆ ಸಲ ಗಿಡದಲ್ಲಿ ನಿಂತದ್ದು ಬೆರಳೆಣಿಕೆಯ ಕಾಯಿ. ಅವಕ್ಕೂ ಹುಳ ಕೊರೆದು ತೂತು ಮಾಡಿತು. ಅತ್ತ ಶಶಿ ಫೋನಿನಲ್ಲಿ ದಿನಾ, "ಅಪ್ಪಾ, ಹಣ್ಣಾದ್ವೇನು?" ಅಂತ ಕೇಳುತ್ತಿದ್ದಳು. ಇಲ್ಲ ಅನ್ನಲು ಬಾಯಿ ಬರಲಿಲ್ಲ. ಬಸುರಿ ಹುಡುಗಿ ಒಂದೇ ಒಂದು ಕೇಳಿದ್ದಾಳೆ, ಅದನ್ನೂ ಅಪ್ಪ ಕೆಡಿಸಿದ ಅಂದರೆ ಹೇಗೆ? ಕೊನೆಗೆ ಬಜಾರಿಗೆ ಹೋಗಿ ಫಳಫಳ ಹೊಳೆಯುವ ನಿಂಬೆಹಣ್ಣು ತಂದು ಬುಟ್ಟಿಗೆ ಸುರಿದೆ. ಮೇಲೆ ನಮ್ಮ ಗಿಡದ ತೂತಿನ ಹಣ್ಣುಗಳನ್ನು ಹರಡಿದೆ.

ಗಿರಿಜಾ ಬುಟ್ಟಿ ನೋಡಿದವಳೇ ನೇರ ತಳಕ್ಕೆ ಕೈ ಹಾಕಿದಳು. ಹತ್ತಿ ಚೀಲವನ್ನು ನಾನು ಹಾಗೇ ನೋಡುವುದು. ಮೇಲಿನ ಹತ್ತಿ ನಂಬದೆ ತಳದಿಂದ ಹಿಡಿ ಎಳೆದು, ಬೆರಕೆ ಮಾಡಿದವನ ಮಾನ ಕಳೆಯುವುದೇ ನನ್ನ ಕಸುಬು. "ಇವು ನಮ್ಮ ಗಿಡದ್ದಲ್ಲ. ಒಂದಕ್ಕೂ ತೂತಿಲ್ಲ" ಅಂದಳು. ಬೆರಕೆ ಮಾಲನ್ನು ಬದಿಗಿಟ್ಟು, ಆ ನಾಲ್ಕಾರು ಹುಳುಕು ಹಣ್ಣನ್ನೇ ಚೀಲಕ್ಕೆ ಹಾಕಿ ನನ್ನ ಕೈಯಲ್ಲಿ ಕೊಟ್ಟು ಎಮ್ಮಿಗನೂರು ಬಸ್ಸು ಹತ್ತಿಸಿದಳು.

ಬೀಗರ ಮನೆಯಲ್ಲಿ ಚೀಲ ಕೊಡುವಾಗ ನಾಚಿಕೆಯಿಂದ ನನ್ನ ತಲೆ ತಗ್ಗಿತ್ತು. ಶಶಿ ಕೂತು ಹೆಚ್ಚತೊಡಗಿದಳು. ಒಂದು ಹೋಳಿನಿಂದ ಹುಳ ಹೊರಗೆ ಬಂತು. ಹುಡುಗಿಯ ಮುಖ ಅರಳಿತು.

"ಅಪ್ಪಾ, ನಮ್ಮ ಗಿಡದ್ದ ಇದು. ನೀ ಎಲ್ಲಿ ಬಜಾರದ್ದು ತಂದಿಯೋ ಅಂತ ಹೆದರಿದ್ದೆ" ಅಂದಳು.

ನನ್ನ ಮಾನ ಕಳೆದ ಹುಳವೇ ಕೊನೆಗೆ ನನ್ನ ಪರವಾಗಿ ಸಾಕ್ಷಿ ಹೇಳಿತು. ನಾನು ಹೇಳಿದ್ದರೆ ನಂಬುತ್ತಿದ್ದಳೋ ಇಲ್ಲವೋ.